ಉಡಿಗೆ ಬಿದ್ದ ನಾಣ್ಯ

ಯಾರಾದರೂ ಏನನ್ನಾದರೂ ಬಾಯ್ತುಂಬ ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಮನೆಯವರನ್ನು ಓಣಿಗೆ ಓಣಿಯೇ ಹೊಗಳಿದಾಗ, ಇವರನ್ನು ಬೈಯುವವರು ಒಬ್ಬರೂ ಸಿಗಲಿಲ್ಲವೇ ಎಂದು ಕೇಳಿ ಅಪ್ಪನಿಂದ ಬೈಸಿಕೊಂಡಿದ್ದೆ. ಮುಂದೆ ಇಂಟರ್ನೆಟ್ಟಿನಲ್ಲಿ ಹಳೆಯ ಕಾಲದ ನಾಣ್ಯ ಕೊಳ್ಳುವ ಹುಚ್ಚು ಹಿಡಿದಾಗ ಈ ಗುಣವೇ ನನ್ನನ್ನು ಕಾಯಿತು. ಒಂದು ಸಲ ಮಾತ್ರ ಕಾಯಲಿಲ್ಲ. ಆ ಒಂದು ಸಲದ್ದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಅದು ಮುಗಿದ ಬಗೆ ನೆನಪಾದರೆ ಇವತ್ತಿಗೂ ಉಸಿರು ಹಗುರಾಗುತ್ತದೆ.

ಆಗ ನಾವು ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆವು. ನಾನು, ನಮ್ಮವರು, ನಮ್ಮತ್ತೆ. ಮೂಲ ಬೀದರಿನ ಕಡೆಯವರು. ನಮ್ಮವರು ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಸಂಜೆ ಮನೆಗೆ ಬಂದಾಗ ಮೈಯಿಂದ ಕಷಾಯದ ವಾಸನೆ ಬರುತ್ತಿತ್ತು. ಊರಿಗೆ ಊರೇ ಕಂಪ್ಯೂಟರಿನ ಗುಂಗಿನಲ್ಲಿದ್ದ ವರ್ಷಗಳವು. ತರಕಾರಿ ಮಾರುವವನ ಮಗನೂ ಯಾವುದೋ ಕೋರ್ಸಿಗೆ ಸೇರಿರುತ್ತಿದ್ದ. ನಾನು ಒಂದು ಕಂಪನಿಯಲ್ಲಿ ಅಮೆರಿಕದ ಡಾಕ್ಟರುಗಳ ಧ್ವನಿ ಕೇಳಿ ಟೈಪು ಮಾಡುತ್ತಿದ್ದೆ. ಅವರು ರೋಗಿಗಳ ಬಗ್ಗೆ ಬಾಯಲ್ಲಿ ಗೋಲಿ ಇಟ್ಟುಕೊಂಡವರ ಹಾಗೆ ಗೊಣಗುತ್ತಿದ್ದರು, ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಅಕ್ಷರಕ್ಕಿಳಿಸಬೇಕು. ಆ ಕೆಲಸದ ದೊಡ್ಡ ನಿಯಮ ಒಂದೇ: ಕೇಳಿಸದ ಪದವನ್ನು ಊಹಿಸಬಾರದು. ಖಾಲಿ ಜಾಗ ಬಿಟ್ಟು ಮುಂದೆ ಹೋಗಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದು ನನಗೆ ಬಹಳ ಹಿಡಿಸಿತು.

ನಾಣ್ಯದ ಹುಚ್ಚು ಹಿಡಿದದ್ದು ಸಿಟ್ಟಿನಿಂದ. ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ, ಹರಾಜಿನ ತಾಣವೊಂದರಲ್ಲಿ ಬೀದರಿನ ಸುಲ್ತಾನರ ಕಾಲದ ತಾಮ್ರದ ಕಾಸೊಂದನ್ನು ನೋಡಿದೆ. ಮಾರುತ್ತಿದ್ದವನು ಸಮುದ್ರದಾಚೆ ಎಲ್ಲೋ ಕೂತಿದ್ದ. ನಮ್ಮೂರಿನ ಮಣ್ಣಿನಲ್ಲಿ ಬಿದ್ದಿದ್ದ ಕಾಸನ್ನು ಅವನು ನನಗೆ ಮಾರುವುದೇ ಎಂದು ಮೈ ಉರಿಯಿತು. ಉರಿಯಿತೆಂದು ಕೊಳ್ಳದೆ ಬಿಡಲಿಲ್ಲ. ಕಾಸು ಅಂಚೆಯಲ್ಲಿ ಬಂದಾಗ ಅಂಗೈ ಮೇಲೆ ಇಟ್ಟುಕೊಂಡು ಕೂತೆ. ಅದನ್ನು ಕೊಟ್ಟು ಯಾರೋ ಬೆಲ್ಲ ಕೊಂಡಿರಬಹುದು, ಎಮ್ಮೆಗೆ ಹಿಂಡಿ ಕೊಂಡಿರಬಹುದು. ಅಲ್ಲಿಂದ ಮುಂದೆ ನನಗೆ ಬಿಡುವಿದ್ದಾಗಲೆಲ್ಲ ಮನೆಯ ಫೋನು ಇಂಟರ್ನೆಟ್ಟಿಗೆ ಅಂಟಿಕೊಂಡಿರುತ್ತಿತ್ತು. ಊರಿನಿಂದ ಯಾರು ಫೋನು ಮಾಡಿದರೂ ಸಿಗುವುದಿಲ್ಲ ಎಂದು ಅತ್ತೆ ಗೊಣಗುತ್ತಿದ್ದರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಆ ತಾಣದಲ್ಲಿ ಬಹಳ ಬೇಗ ತಿಳಿಯುತ್ತದೆ. ಮಾರುವವರ ಪುಟದಲ್ಲಿ ಕೊಂಡವರು ಬರೆದ ಅಭಿಪ್ರಾಯಗಳಿರುತ್ತಿದ್ದವು. ಎಲ್ಲರೂ ಹೊಗಳಿಕೆ ಎಷ್ಟಿದೆ ಎಂದು ನೋಡುತ್ತಿದ್ದರು. ನಾನು ನೇರ ದೂರಿನ ಕಡೆಗೇ ಹೋಗುತ್ತಿದ್ದೆ. ದೂರು ಇರುವುದು ತಪ್ಪಲ್ಲ, ಸಾವಿರ ಜನರ ಜೊತೆ ವ್ಯವಹಾರ ಮಾಡಿದವನ ಮೇಲೆ ಒಬ್ಬನಾದರೂ ಮುನಿಸಿಕೊಳ್ಳಲೇಬೇಕು. ದೂರಿಗೆ ಅವನು ಏನು ಉತ್ತರ ಕೊಟ್ಟಿದ್ದಾನೆ ಎಂಬುದರಲ್ಲಿ ಮನುಷ್ಯ ಸಿಗುತ್ತಿದ್ದ. ಕೊಂಡವನನ್ನೇ ಮೂರ್ಖ ಎಂದು ಬೈದಿದ್ದರೆ ಅಲ್ಲಿಗೇ ಮುಗಿಯಿತು. ಇನ್ನು ನಾಣ್ಯಕ್ಕಿಂತ ಕಥೆ ಉದ್ದವಾಗಿದ್ದರೂ ನಾನು ಮುಂದೆ ಹೋಗುತ್ತಿದ್ದೆ. ಮಾರುವವರಿಗೆಲ್ಲ ಒಬ್ಬೊಬ್ಬ ತಾತ ಇರುತ್ತಿದ್ದ, ತಾತನಿಗೊಂದು ಪೆಟ್ಟಿಗೆ ಇರುತ್ತಿತ್ತು, ಪೆಟ್ಟಿಗೆಯ ತಳದಲ್ಲಿ ಎರಡು ಸಾವಿರ ವರ್ಷದ ಚಿನ್ನ. ಅಷ್ಟು ತಾತಂದಿರು ಅಷ್ಟು ಪೆಟ್ಟಿಗೆ ಇಟ್ಟುಕೊಂಡಿದ್ದರೆ ದೇಶ ಯಾಕೆ ಹೀಗಿರುತ್ತಿತ್ತು ಎಂದು ನಮ್ಮವರು ನಗುತ್ತಿದ್ದರು.

ಕೊಳ್ಳುವವರಲ್ಲೂ ಕಳ್ಳರಿದ್ದರು. ನಾಣ್ಯ ಕೈಗೆ ಬಂದ ಮೇಲೆ, ಮಾರಿದವನು ಯಾವುದೋ ಕಾರಣಕ್ಕೆ ವಾಪಸ್ ಕೇಳಿದರೆ, ಅಯ್ಯೋ ಕಳೆದುಹೋಯಿತು ಎಂದು ಕೈ ಎತ್ತುವವರು. ಇಂಥವರ ಕಥೆ ಓದಿ ನಾನು ಹಲ್ಲು ಕಡಿಯುತ್ತಿದ್ದೆ. ಇಷ್ಟು ಹಗುರವಾದ ಸುಳ್ಳನ್ನು ನಂಬಲು ಯಾರು ಕಿವಿಗೆ ಹೂವಿಟ್ಟುಕೊಂಡಿದ್ದಾರೆ ಅನ್ನಿಸುತ್ತಿತ್ತು.

ನಾನು ಆಮೇಲೆ ಕಾಕಾ ಎಂದು ಕರೆದ ಮಾರಾಟಗಾರರು ಸಿಕ್ಕಿದ್ದು ಆ ತಾಣದಲ್ಲೇ. ಅವರ ಪುಟದಲ್ಲಿ ಒಂದೇ ಒಂದು ದೂರಿತ್ತು: ಫೋಟೋದಲ್ಲಿ ಕಂಡದ್ದಕ್ಕಿಂತ ನಾಣ್ಯ ಚಿಕ್ಕದು ಎಂದು. ಅಳತೆ ಕೆಳಗೆ ಸ್ಪಷ್ಟವಾಗಿ ಬರೆದಿತ್ತು, ತಪ್ಪು ಕೊಂಡವನದೇ. ಆದರೂ ಇವರು, ನನ್ನ ಫೋಟೋ ನಿಮ್ಮನ್ನು ದಾರಿ ತಪ್ಪಿಸಿದೆ, ವಾಪಸ್ ಕಳಿಸಿ, ಎರಡೂ ಕಡೆಯ ಅಂಚೆಯ ಖರ್ಚು ನನ್ನದು ಎಂದು ಬರೆದಿದ್ದರು. ಓದಿ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಕೆಣಕೋಣವೆಂದು ಉದ್ದುದ್ದ ನಾಲ್ಕು ಪ್ರಶ್ನೆ ಬರೆದು ಕಳಿಸಿದೆ. ಅವರು ಮೂರಕ್ಕೆ ಉತ್ತರ ಕೊಟ್ಟು ನಾಲ್ಕನೆಯದಕ್ಕೆ, ಇದು ನನಗೆ ತಿಳಿಯದು ಎಂದಿದ್ದರು. ಖಾಲಿ ಜಾಗ ಬಿಡುವ ಮನುಷ್ಯ! ಅವತ್ತೇ ಕೊಂಡೆ.

ವಿಳಾಸ ನೋಡಿದರೆ ಸಿಕಂದರಾಬಾದ್. ಫೋನಿನಲ್ಲಿ ಮಾತಾಡಿದರೆ ಕನ್ನಡ. ರಾಯಚೂರಿನ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ, ಮನೆಯಲ್ಲಿ ಹೆಂಡತಿ ಮತ್ತು ನಾಣ್ಯಗಳು. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ, ಅವರು ನನ್ನನ್ನು ಅವ್ವಾ ಎಂದರು. ಕೆಲವು ವ್ಯವಹಾರಗಳಾದ ಮೇಲೆ ಅವರು ನನಗೆ ನಾಣ್ಯವನ್ನು ಹಣಕ್ಕಿಂತ ಮೊದಲೇ ಕಳಿಸತೊಡಗಿದರು. ನೋಡು, ಮನಸ್ಸಿಗೆ ಬಂದರೆ ಇಟ್ಟುಕೋ, ಇಲ್ಲವಾದರೆ ವಾಪಸ್ ಕಳಿಸು ಎನ್ನುತ್ತಿದ್ದರು. ಮುಖ ನೋಡದ ಒಬ್ಬ ಹೆಂಗಸಿನ ಮೇಲೆ ಅವರು ಇಟ್ಟ ಆ ನಂಬಿಕೆ ನನಗೆ ಹೆಮ್ಮೆಯೆನಿಸುತ್ತಿತ್ತು. ತಾಣದಲ್ಲಿ ಒಳ್ಳೆಯ ಅಭಿಪ್ರಾಯಕ್ಕೆ ಸಿಗುವ ನಕ್ಷತ್ರಗಳೆಲ್ಲ ಅದರ ಮುಂದೆ ಏನೂ ಅಲ್ಲ.

ಹಾಗೆ ಬಂದದ್ದು ಸಾತವಾಹನರ ಬೆಳ್ಳಿ ನಾಣ್ಯ. ಹೆಬ್ಬೆರಳಿನ ಉಗುರಿನಷ್ಟಿತ್ತು. ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ಬೆಟ್ಟದ ಗುರುತು, ಸುತ್ತ ಬ್ರಾಹ್ಮಿ ಅಕ್ಷರ. ನಾನು ಭೂತಗನ್ನಡಿ ಹಿಡಿದು ಕೂತೆ. ಅಂಚಿನಲ್ಲಿ ಖೋಟಾಗಳಿಗಿರುವ ಎರಕದ ಗೆರೆಯಿಲ್ಲ. ಮೂಗು, ಕಿವಿ ಮೊದಲು ಸವೆಯಬೇಕು, ಅವೇ ಸವೆದಿವೆ. ಅಕ್ಷರಗಳ ಸಂದಿಯಲ್ಲಿ ಹಳೆಯ ಕಪ್ಪು ಗಟ್ಟಿಯಾಗಿ ಕೂತಿದೆ. ಕಿವಿಯ ಹಿಂದೆ ಯಾವ ಕಾಲದಲ್ಲೋ ಬಿದ್ದ ಸಣ್ಣ ಕಚ್ಚು. ಕೆಳಗಿನ ಬೆಳ್ಳಿ ಅಂಗಡಿಯಲ್ಲಿ ತೂಗಿಸಿದೆ, ತೂಕವೂ ಸರಿ. ಕಾಕಾನಿಗೆ ಫೋನು ಮಾಡಿ, ಇದು ಖರೆಯದು, ಇಟ್ಟುಕೊಳ್ಳುತ್ತೇನೆ, ಸೋಮವಾರ ಬ್ಯಾಂಕಿನಿಂದ ಡಿ.ಡಿ. ಕಳಿಸುತ್ತೇನೆ ಎಂದೆ. ದೊಡ್ಡ ಪರೀಕ್ಷಕಳ ಹಾಗೆ ಹೇಳಿದೆ ಎಂಬುದು ಈಗ ನೆನಪಾದರೆ ನಗು ಬರುತ್ತದೆ.

ನಮ್ಮ ಮನೆಯಲ್ಲಿ ಹೊಸದಾಗಿ ಏನು ಬಂದರೂ ಮೊದಲು ದೇವರ ಜಗಲಿಯ ಮೇಲೆ ಇರಬೇಕು. ಅತ್ತೆಯ ಕಟ್ಟಪ್ಪಣೆ. ಸಂಬಳದ ಲಕೋಟೆ, ಗ್ಯಾಸಿನ ಪುಸ್ತಕ, ಕಂಪ್ಯೂಟರಿನ ಮೌಸು ಕೂಡ ಕುಂಕುಮ ಹಚ್ಚಿಸಿಕೊಂಡೇ ಒಳಗೆ ಬಂದದ್ದು. ಈ ನಾಣ್ಯವನ್ನೂ ಜಗಲಿಯ ಮೇಲಿಟ್ಟು ನಾನು ಕೆಲಸಕ್ಕೆ ಹೋದೆ.

ಸಂಜೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ಫೋನು ಬಡಿಯಿತು. ಕಾಕಾ. ಎಂದೂ ಇಲ್ಲದ ಗಾಬರಿ ಅವರ ದನಿಯಲ್ಲಿ.

"ಅವ್ವಾ, ರೊಕ್ಕ ಕಳಸಬ್ಯಾಡ. ಆ ನಾಣ್ಯದ ಮ್ಯಾಲೆ ನನಗ ಸಂಶಯ ಬಂದೈತಿ."

ಅವತ್ತು ಬೆಳಿಗ್ಗೆ ಅವರು ತಾಣದಲ್ಲಿ ಬೇರೆ ಯಾರೋ ಮಾರಾಟಕ್ಕಿಟ್ಟ ಅಂಥದೇ ನಾಣ್ಯ ನೋಡಿದ್ದರು. ಅದೇ ರಾಜ, ಅದೇ ಬೆಟ್ಟ. ಅದು ತೊಂದರೆಯಲ್ಲ. ಒಂದೇ ಅಚ್ಚಿನಲ್ಲಿ ಹೊಡೆದ ನಾಣ್ಯಗಳಿಗೆ ಮುಖ ಒಂದೇ ಇರಬಹುದು. ಆದರೆ ಕಿವಿಯ ಹಿಂದಿನ ಕಚ್ಚೂ ಅದೇ ಜಾಗದಲ್ಲಿತ್ತು. "ಒಬ್ಬಾಕಿನೇ ಬಡದ ಎರಡು ರೊಟ್ಟಿ ಮ್ಯಾಲೆ ಸುಟ್ಟ ಕಲಿ ಒಂದ ಕಡೆ ಇದ್ರ ನೀ ನಂಬತೀಯೇನು?" ಎಂದರು. ನಂಬುವ ಮಾತೇ ಇಲ್ಲ. ಯಾವುದೋ ಮೂರನೆಯ ನಾಣ್ಯದಿಂದ ಅಚ್ಚು ತೆಗೆದು ಎರಡನ್ನೂ ಮಾಡಿದ್ದಾರೆ. ಅವರು ಅದನ್ನು ಕೊಂಡದ್ದು ಗೊತ್ತಿರುವ ವ್ಯಾಪಾರಿಯಿಂದಲೇ, ಆದರೂ ಮೋಸ ಹೋಗಿದ್ದರು. ಈಗ ಅವರಿಗೆ ನಾಣ್ಯ ವಾಪಸ್ ಬೇಕಾಗಿತ್ತು, ಮತ್ತೆ ಯಾರ ಕೈಗೂ ಹೋಗದ ಹಾಗೆ.

ನನಗೆ ಮೊದಲು ಆದದ್ದು ನಾಚಿಕೆ, ಮರುಕ್ಷಣವೇ ಗೌರವ. ನಾನು ಖರೆಯದು ಎಂದು ತೀರ್ಪು ಕೊಟ್ಟಾಗಿತ್ತು. ಅವರು ಸುಮ್ಮನಿದ್ದಿದ್ದರೆ ಹಣ ಕೈಗೆ ಬರುತ್ತಿತ್ತು, ನನಗೆ ಸಾಯುವವರೆಗೂ ಗೊತ್ತಾಗುತ್ತಿರಲಿಲ್ಲ. ನಾಳೆಯೇ ಕಳಿಸುತ್ತೇನೆ ಕಾಕಾ ಎಂದು ಫೋನಿಟ್ಟು ಜಗಲಿಯ ಹತ್ತಿರ ಹೋದೆ. ನಾಣ್ಯ ಇಟ್ಟಿದ್ದ ಜಾಗದಲ್ಲಿ ಒಂದು ಚಿಟಿಕೆ ಕುಂಕುಮ ಇತ್ತು, ನಾಣ್ಯವಿರಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದರು. ಕೇಳಿದೆ. ತಲೆ ಎತ್ತದೆ ಹೇಳಿದರು, "ಉಡಿಯಾಗ ಹಾಕಿ ಕಳಸೀನವ್ವ."

ನಡೆದದ್ದು ಇಷ್ಟು. ನಮ್ಮವರ ಊರಿನ ಹುಡುಗಿಯೊಬ್ಬಳು ಗಂಡನ ಜೊತೆ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಬಂದಿದ್ದಳು. ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಡೆ ತಗಡಿನ ಗುಡಿಸಲಲ್ಲಿ ಇರುತ್ತಿದ್ದಳು. ರಜೆಯ ದಿನ ಅತ್ತೆಯ ಹತ್ತಿರ ಬಂದು ಊರಿನ ಸುದ್ದಿ ಮಾತಾಡಿ ಹೋಗುವಳು. ಈಗ ಏಳು ತಿಂಗಳ ಬಸುರಿ. ಹೆರಿಗೆಗೆ ತವರಿಗೆ ಹೊರಟಿದ್ದಳು, ಅವತ್ತು ಮಧ್ಯಾಹ್ನ ಹೇಳಿ ಹೋಗಲು ಬಂದಿದ್ದಳು. ಬಸುರಿ ಹೆಂಗಸು ಹೊಸಿಲು ದಾಟುವಾಗ ಬರಿ ಸೆರಗಿನಲ್ಲಿ ಕಳಿಸುವುದುಂಟೇ? ಅತ್ತೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಒಣಕೊಬ್ಬರಿ, ಅರಿಶಿನದ ಕೊಂಬು, ಅಡಿಕೆ, ಎಲೆ, ಬೆಲ್ಲ, ಕುಪ್ಪಸದ ಖಣ. ಅದರ ಜೊತೆ ಒಂದು ನಾಣ್ಯ ಬೇಕೇ ಬೇಕು, ನೋಟು ನಡೆಯುವುದಿಲ್ಲ. ಆ ಕಾಲದ ಹೈದರಾಬಾದಿನಲ್ಲಿ ಚಿಲ್ಲರೆಗೆ ಬರ, ಅಂಗಡಿಯವರು ರೂಪಾಯಿಯ ಬದಲು ಚಾಕೊಲೇಟ್ ಕೊಡುತ್ತಿದ್ದರು. ಡಬ್ಬಿಗಳನ್ನೆಲ್ಲ ಕೊಡವಿದರೂ ಅತ್ತೆಗೆ ನಾಣ್ಯ ಸಿಗಲಿಲ್ಲ. ಜಗಲಿಯ ಮೇಲೆ ನೋಡಿದರು. ಬೆಳ್ಳಿಯದು, ದೇವರ ಮುಂದಿದ್ದದ್ದು, ಬಸುರಿಯ ಉಡಿಗೆ ಇದಕ್ಕಿಂತ ಚಲೋ ಯಾವುದು? ಸೊಸೆಯ ಹತ್ತಿರ ಇಂಥ ಹಳೆಯ ರೊಕ್ಕ ರಾಶಿ ಬಿದ್ದಿದೆ, ಒಂದು ಹೋದರೆ ಏನಾಯಿತು? ಹಾಕಿದರು. ಹುಡುಗಿ ಕಾಲಿಗೆ ನಮಸ್ಕಾರ ಮಾಡಿ ಹೋಗಿ ಜಹೀರಾಬಾದಿನ ಕಡೆಯ ಬಸ್ಸು ಹತ್ತಿದಳು.

ಅದು ನಮ್ಮದಲ್ಲ, ಬೇರೆಯವರದು, ವಾಪಸ್ ಕೊಡಬೇಕು ಎಂದಾಗ ಅತ್ತೆಯ ಕೈ ಹಿಟ್ಟಿನಲ್ಲೇ ನಿಂತುಹೋಯಿತು. ಅವರ ಮುಖ ನೋಡಿ ನನಗೆ ಕೂಗಾಡಲು ಆಗಲಿಲ್ಲ. ಕೂಗಾಡುವ ಆಸೆ ಮಾತ್ರ ಬಹಳ ಇತ್ತು.

ನಮ್ಮವರು ಬಂದು ವಿಷಯ ಕೇಳಿ, ಭಾನುವಾರ ಊರಿಗೆ ಹೋಗಿ ಒಂದು ಒಳ್ಳೆ ಬೆಳ್ಳಿ ರೂಪಾಯಿ ಕೊಟ್ಟು ಇದನ್ನು ಬದಲಾಯಿಸಿಕೊಂಡು ಬರುತ್ತೇನೆ ಎಂದರು. ಅಲ್ಲಿಯವರೆಗೆ ಪೆಚ್ಚಾಗಿ ಕೂತಿದ್ದ ಅತ್ತೆ ಎದ್ದು ನಿಂತರು.

"ಬಸರಿ ಹೆಂಗಸಿನ ಉಡಿಯಾಗ ಕೈ ಹಾಕಿ ತಗೊಂಡು ಬರತೀಯೇನು? ನಾಳೆ ಆಕಿಗೆ ಏನರ ಹೆಚ್ಚುಕಮ್ಮಿ ಆದ್ರ ನಾ ಯಾವ ಮೋತಿ ಇಟ್ಕೊಂಡು ಊರಿಗೆ ಹೋಗಲಿ?"

ನನಗೆ ಇಂಥದರಲ್ಲಿ ನಂಬಿಕೆ ಕಡಿಮೆ. ಆದರೆ ಆ ಹುಡುಗಿಯ ಸೆರಗು ಬಿಚ್ಚಿಸಿ ಇದನ್ನು ಕೊಡು, ಅದನ್ನು ತಗೋ ಎನ್ನುವ ಚಿತ್ರ ಕಣ್ಣ ಮುಂದೆ ಬಂದಾಗ ನನಗೂ ಮೈ ಜುಮ್ಮೆಂದಿತು. ನಂಬಿಕೆ ಇಲ್ಲದವರಿಗೂ ಕೆಲವು ಕೆಲಸ ಮಾಡಲು ಕೈ ಬರುವುದಿಲ್ಲ. ಉಡಿಗೆ ಬಿದ್ದದ್ದು ಬಿತ್ತು.

ಉಳಿದದ್ದು ಕಾಕಾ. ಅವರಿಗೆ ಏನು ಹೇಳುವುದು? ಇದ್ದದ್ದನ್ನು ಹೇಳಿದರೆ ಅದು ನಾನೇ ಹಲ್ಲು ಕಡಿದಿದ್ದ ಕಳ್ಳರ ಮಾತಿಗೆ ತದ್ರೂಪ: ನಾಣ್ಯ ವಾಪಸ್ ಕೇಳಿದ ದಿನವೇ ಅದು ಕೈತಪ್ಪಿಹೋಯಿತು. ಇವಳಿಗೆ ಅದು ಖರೆಯದೆಂದು ಗೊತ್ತಾಗಿದೆ, ಅದಕ್ಕೇ ನುಂಗಿಹಾಕುತ್ತಿದ್ದಾಳೆ ಎಂದು ಅವರು ಅಂದುಕೊಂಡರೆ ತಪ್ಪೇನು? ಅವರ ಜಾಗದಲ್ಲಿ ನಾನಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದೆ. ಊರಿನವರ ಹೆಸರನ್ನೆಲ್ಲ ಜರಡಿ ಹಿಡಿಯುತ್ತಿದ್ದವಳ ಹೆಸರು ಈಗ ಜರಡಿಗೆ ಬಿದ್ದಿತ್ತು. ಕೈಯಲ್ಲಿ ಹಿಡಿದು ತೋರಿಸಲು ಒಂದು ಕಾಗದವೂ ಇಲ್ಲದ ನಂಬಿಕೆ ಅದು, ಹೋದರೆ ಮತ್ತೆ ಬರುವುದಿಲ್ಲ.

ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವ ದಾರಿಯೊಂದನ್ನು ನಮ್ಮವರು ಹುಡುಕಿದರು. ಖೋಟಾ ಆದರೂ ನನಗೆ ಇಷ್ಟವಾಗಿದೆ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಹಣ ಕಳಿಸಿಬಿಡು, ಯಾರಿಗೂ ನಷ್ಟವಿಲ್ಲ. ಕೇಳಲು ಚೆನ್ನಾಗಿತ್ತು. ಮರುದಿನ ಫೋನು ಮಾಡಿ ಹಾಗೇ ಹೇಳಿದೆ. ಕಾಕಾ ಒಪ್ಪಲಿಲ್ಲ.

"ಸಂಶಯದ ಮಾಲಿಗೆ ರೊಕ್ಕ ತಗೊಂಡು ನಾ ಊಟ ಮಾಡಲೇನವ್ವ? ಭಾನುವಾರ ನಾನ ಬರತೀನಿ, ನೀ ಮನಿ ಗುರುತು ಹೇಳು."

ಬೇಡ ಎನ್ನಲು ಏನು ಕಾರಣ ಕೊಡುವುದು? ಗುರುತು ಹೇಳಿದೆ. ಅಲ್ಲಿಂದ ಭಾನುವಾರದವರೆಗೆ ನನ್ನ ಕಿವಿಗೆ ಡಾಕ್ಟರುಗಳ ಗೊಣಗಾಟ ಸರಿಯಾಗಿ ಬೀಳಲಿಲ್ಲ. ಖಾಲಿ ಜಾಗ ಬಿಟ್ಟದ್ದೇ ಬಿಟ್ಟದ್ದು. ಮೇಲಿನವರು ಕರೆದು, ಆರೋಗ್ಯ ಸರಿಯಿಲ್ಲವೇ ಎಂದು ವಿಚಾರಿಸಿದರು.

ಭಾನುವಾರ ಅವರು ಬಸ್ಸಿನಲ್ಲಿ ಬಂದರು. ಸಣ್ಣ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಚೀಲ. ಮೊದಲ ಸಲ ಮನೆಗೆ ಬರುತ್ತಿದ್ದೇನೆಂದು ಬಾಳೆಹಣ್ಣು ತಂದಿದ್ದರು. ಬಾಳೆಹಣ್ಣು ನೋಡಿ ನನಗೆ ಇನ್ನೂ ಸಂಕಟವಾಯಿತು. ನೀರು ಕೊಟ್ಟೆ, ಚಹಾ ಕೊಟ್ಟೆ. ಅವರು ಜೇಬಿನಿಂದ ಮಡಚಿದ ಹತ್ತಿಬಟ್ಟೆಯೊಂದನ್ನು ತೆಗೆದು ಮಡಿಲ ಮೇಲಿಟ್ಟುಕೊಂಡರು, ನಾಣ್ಯ ಸುತ್ತಿಕೊಂಡು ಹೋಗಲು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಹೊದ್ದು ಮುಂದೆ ಬಂದರು.

ಎಲ್ಲವನ್ನೂ ಅವರೇ ಹೇಳಿದರು. ಹುಡುಗಿ ಬಂದದ್ದು, ಚಿಲ್ಲರೆ ಸಿಗದ್ದು, ಜಗಲಿಯ ಮೇಲೆ ಕೈ ಹಾಕಿದ್ದು. ಸೊಸೆಗೆ ಗೊತ್ತಿರಲಿಲ್ಲ, ಮಗನಿಗೆ ಗೊತ್ತಿರಲಿಲ್ಲ, ಮಾಡಿದವಳು ನಾನು ಎಂದರು. ಕೊನೆಗೆ, "ಬೈಯೂದಿದ್ರ ನನಗ ಬೈಯ್ರಿ ಅಣ್ಣಾರ. ಆದ್ರ ತಿರುಗಿ ಕೇಳಾಕ ಮಾತ್ರ ನಾ ಹೋಗಂಗಿಲ್ರಿ," ಎಂದು ನಿಂತರು. ಅತ್ತೆಗೂ ನನಗೂ ದಿನಕ್ಕೊಂದು ಕಿರಿಕಿರಿ ಇದ್ದದ್ದೇ. ಆದರೆ ಆ ಕ್ಷಣ ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಕಾಕಾ ಬಟ್ಟೆಯನ್ನು ಇನ್ನೊಂದು ಸಲ ಮಡಚಿದರು. ಆಮೇಲೆ ಕೇಳಿದ್ದು ನಾವ್ಯಾರೂ ನೆನೆಸದ ಪ್ರಶ್ನೆ: ಹುಡುಗಿಗೆ ಎಷ್ಟು ತಿಂಗಳು? ಏಳು ಎಂದರು ಅತ್ತೆ. ಮೊದಲನೆಯದೋ? ಮೊದಲನೆಯದು. ಊರಿನ ಕಡೆ ಅಂಥ ನಾಣ್ಯವನ್ನು ಏನು ಮಾಡುತ್ತಾರೆ, ಇನ್ನೂ ಹಳೆಯ ಪದ್ಧತಿಯೇ ಉಂಟೋ ಎಂದರು ಕಾಕಾ. ಉಡಿಯ ಬೆಳ್ಳಿಯನ್ನು ಮಾರುವ ಹಾಗಿಲ್ಲ, ಪತ್ತಾರನಿಗೆ ಕೊಟ್ಟು ಕರಗಿಸಿ ಕೂಸಿಗೆ ಏನಾದರೂ ಮಾಡಿಸುತ್ತಾರೆ ಎಂದು ಅತ್ತೆ ಹೇಳಿದರು.

ಆಗ ಆ ಮನುಷ್ಯ ಬೆನ್ನನ್ನು ಕುರ್ಚಿಗೆ ಆನಿಸಿ ಉಸಿರು ಬಿಟ್ಟರು. ಅಷ್ಟು ಹೊತ್ತು ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರೆಂದು ನನಗೆ ಆಗ ಹೊಳೆಯಿತು.

"ಬೆಳ್ಳಿ ಖರೇನ ಐತ್ರಿ ಅಕ್ಕಾರ," ಎಂದರು. "ನಾ ಒರಿ ಹಚ್ಚಿ ನೋಡೀನಿ. ಸುಳ್ಳು ಇರೂದು ಅದರ ಮ್ಯಾಲಿನ ರಾಜ. ಕರಗಿದ್ರ ಆ ಸುಳ್ಳು ಹೋತು, ಬೆಳ್ಳಿ ಉಳೀತು."

ಅವರು ಅಷ್ಟು ದಿನ ಯಾಕೆ ಒದ್ದಾಡಿದರೆಂದು ಆಗ ಹೇಳಿದರು. ಹಣದ ಚಿಂತೆಯಲ್ಲ. ಅವರಿಗೆ ವಯಸ್ಸಾಗಿತ್ತು, ಮುಂದೆ ನೋಡಿಕೊಳ್ಳಲು ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ನಾಣ್ಯಗಳೆಲ್ಲ ಯಾರದೋ ಕೈಗೆ ಹೋಗುತ್ತವೆ, ಇದು ಆ ಮನುಷ್ಯನ ಸಂಗ್ರಹದ್ದು, ನಂಬಿ ಕೊಳ್ಳಿ ಎಂದು ಮಾರುತ್ತಾರೆ. ಅದರಲ್ಲಿ ಒಂದು ಖೋಟಾ ಉಳಿದಿದ್ದರೆ ಅದು ಅವರ ಹೆಸರನ್ನೇ ಬೆನ್ನಿಗೆ ಕಟ್ಟಿಕೊಂಡು ಕೈಯಿಂದ ಕೈಗೆ ಓಡಾಡುತ್ತದೆ. ತಡೆಯಲು ಅವರೇ ಇರುವುದಿಲ್ಲ. ಅದಕ್ಕೇ ನಾನು ಇಟ್ಟುಕೊಳ್ಳುತ್ತೇನೆ ಎಂದಾಗ ಅವರಿಗೆ ಇನ್ನೂ ಭಯವಾಗಿತ್ತು. ನಾನೂ ಒಂದು ದಿನ ಮಾರಬಹುದಲ್ಲ. ಬಸುರಿಯ ಉಡಿಯಿಂದ ಅದು ಸಂತೆಗೆ ಬರುವುದಿಲ್ಲ. ಅಷ್ಟು ಗಟ್ಟಿಯಾದ ಜಾಗ ಅವರಿಗೆ ಹುಡುಕಿದರೂ ಸಿಗುತ್ತಿರಲಿಲ್ಲವಂತೆ.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು, ಆದರೂ ಹಾಳು ಸ್ವಭಾವ ಬಿಡಬೇಕಲ್ಲ. ಕೇಳಿಯೇಬಿಟ್ಟೆ: ಕಾಕಾ, ಅತ್ತೆ ಹೇಳಿದ್ದನ್ನು ನೀವು ಹೇಗೆ ನಂಬಿದಿರಿ? ನಾನೇ ಆಗಿದ್ದರೆ ನಂಬುತ್ತಿರಲಿಲ್ಲ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ಕಳ್ಳರು ಇಷ್ಟು ಕಷ್ಟ ಪಡೂದಿಲ್ಲವ್ವ. ಅಂಚ್ಯಾಗ ಕಳೀತು ಅಂತಾರ, ಮುಗೀತು. ಉಡಿ ತುಂಬಿ ಕಳಸೀವಿ ಅಂತ ಸುಳ್ಳು ಹೇಳಾಕ ಯಾರಿಗೆ ಹೊಳೀತೈತಿ?"

ನಮ್ಮವರು ಗೊಳ್ಳೆಂದು ನಕ್ಕರು. ಅತ್ತೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಊಟ ಮಾಡಿಕೊಂಡೇ ಹೋಗಬೇಕೆಂದು ಒಳಗೆ ಓಡಿದರು. ನಾನು ಇಷ್ಟು ವರ್ಷ ಮಾರುವವರನ್ನು ಅಳೆಯಲು ಎಷ್ಟೆಲ್ಲ ಉಪಾಯ ಹೂಡಿದ್ದೆ, ಈ ಸರಳ ಅಳತೆ ನನಗೆ ಹೊಳೆದಿರಲಿಲ್ಲ. ಅವತ್ತು ಕಾಕಾ ಎರಡು ರೊಟ್ಟಿ ಹೆಚ್ಚಿಗೆ ತಿಂದರು. ರೊಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಕಲೆಗಳನ್ನು ತೋರಿಸಿ ಅತ್ತೆಗೆ ಖೋಟಾ ನಾಣ್ಯದ ಪಾಠ ಮಾಡಿದರು. ಅತ್ತೆ ಒಂದೇ ಸಲಕ್ಕೆ ತಿಳಿದುಕೊಂಡರು. ನನ್ನನ್ನು 'ದೊಡ್ಡ ಭೂತಗನ್ನಡಿ' ಎಂದು ಚುಚ್ಚುವುದನ್ನೂ ಅವತ್ತೇ ಕಲಿತರು.

ಕಾಕಾ ಹೊರಡುವಾಗ ಒಂದೇ ಮಾತು ಕೇಳಿಕೊಂಡರು. ಆ ಹುಡುಗಿಗೆ ಇದು ಪುರಾತನ ಕಾಲದ್ದು ಎಂದು ಯಾರೂ ಹೇಳಬಾರದು. ಬೆಳ್ಳಿ ಎಂದಷ್ಟೇ ತಿಳಿದಿರಲಿ. ನಮ್ಮವರು ಅವರನ್ನು ಬಸ್ಸಿನವರೆಗೆ ಬಿಟ್ಟುಬಂದರು.

ಅಲ್ಲಿಂದಾಚೆ ಕಾಕಾ ಮೊದಲಿನ ಹಾಗೆ ನಾಣ್ಯ ಕಳಿಸುತ್ತಿದ್ದರು. ಪೊಟ್ಟಣದ ಮೇಲೆ, ಜಗಲಿಯ ಮೇಲೆ ಇಡಬೇಡ ಎಂದು ಒಮ್ಮೆ ತಮಾಷೆಗೆ ಬರೆದಿದ್ದರು. ಆದರೆ ಫೋನಿನಲ್ಲಿ ಪ್ರತಿ ಸಲ, ಆ ಹುಡುಗಿಯ ಸುದ್ದಿ ಏನಾದರೂ ಬಂತೇ ಎಂದು ಕೇಳುತ್ತಿದ್ದರು. ಕೇಳುವ ದನಿಯಲ್ಲಿ ಒಂದು ಎಳೆ ಆತಂಕ ಉಳಿದೇ ಇತ್ತು. ನನಗೂ ಇತ್ತು. ಬಡವರ ಮನೆ, ಏನಾದರೂ ತಾಪತ್ರಯ ಬಂದು ಮಾರಿಬಿಟ್ಟರೆ ಎಂದು. ಬರೀ ಮಾತಿನ ಮೇಲೆ ನೆಮ್ಮದಿ ಪೂರ್ತಿಯಾಗುವುದಿಲ್ಲ.

ಮುಂದಿನ ಬೇಸಿಗೆ ಶುರುವಾಗುವ ಹೊತ್ತಿಗೆ ಹುಡುಗಿ ಕೂಸನ್ನು ಎತ್ತಿಕೊಂಡು ಗಂಡನ ಹತ್ತಿರ ವಾಪಸ್ ಬಂದಳು, ಬಂದವಳೇ ಅತ್ತೆಗೆ ಕೂಸನ್ನು ತೋರಿಸಲು ಬಂದಳು. ಹೆಣ್ಣು ಕೂಸು, ಅತ್ತು ಅತ್ತು ಮುಖ ಕೆಂಪಗೆ ಮಾಡಿಕೊಂಡಿತ್ತು. ಸೆಕೆಗೆ ಅಳುತ್ತಿದೆ ಎಂದು ಅತ್ತೆ ಅಂಗಿ ಬಿಚ್ಚಿದರು. ನಡುವಿನ ಕರಿದಾರದಲ್ಲಿ ಅರಳಿ ಎಲೆಯ ಆಕಾರದ ಪುಟ್ಟದೊಂದು ಬೆಳ್ಳಿಯ ಅರಳೆಲೆ ತೂಗುತ್ತಿತ್ತು, ಹೊಚ್ಚಹೊಸದು, ಥಳಥಳ ಹೊಳೆಯುವುದು. ಹುಡುಗಿ ತಾನಾಗಿಯೇ ಹೇಳಿದಳು, ನೀವು ಉಡಿಗೆ ಹಾಕಿದ್ದ ರೊಕ್ಕದ್ದೇ ಇದು, ಊರಿನ ಪತ್ತಾರ ನನ್ನೆದುರಿಗೇ ಕರಗಿಸಿ ಮಾಡಿಕೊಟ್ಟ, ಬೆಳ್ಳಿ ಬಹಳ ಚಲೋ ಇದೆ ಎಂದ.

ನಾನು ಅರಳೆಲೆಯನ್ನು ಬೆರಳಲ್ಲಿ ಹಿಡಿದು ಎರಡೂ ಬದಿ ನೋಡಿದೆ. ರಾಜನಿಲ್ಲ, ಬೆಟ್ಟವಿಲ್ಲ, ಕಿವಿಯ ಹಿಂದಿನ ಕಚ್ಚಿಲ್ಲ. ಕಣ್ಣಲ್ಲಿ ನೀರು ಬಂತು. ಹುಡುಗಿ ಗಾಬರಿಯಾದಳು. ಏನಿಲ್ಲ, ಸಂತೋಷಕ್ಕೆ ಎಂದೆ, ಅದು ನಿಜವೇ ಆಗಿತ್ತು. ಕೂಡಲೇ ಕಾಕಾನಿಗೆ ಫೋನು ಹಚ್ಚಿದೆ. ಕೂಸಿನ ಅಳು ಆ ಕಡೆಗೂ ಕೇಳಿಸಿರಬೇಕು.

ಕರಗಿದೆ ಕಾಕಾ, ಅರಳೆಲೆ ಆಗಿದೆ, ಕಣ್ಣಾರೆ ನೋಡಿದೆ ಎಂದೆ. ಅವರು, ಕೂಸು ಚೆನ್ನಾಗಿದೆಯೇ, ತಾಯಿ ಚೆನ್ನಾಗಿದ್ದಾಳೆಯೇ ಎಂದು ವಿಚಾರಿಸಿದರು. ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ ಎಂದೆ.

"ಹಂಗಾರ ಆ ಬೆಳ್ಳಿಗೆ ಖರೇ ಗಿರಾಕಿ ಈಗ ಸಿಕ್ಕಾಳ ಬಿಡವ್ವ," ಎಂದರು.